ಕ್ರೆಡಿಟ್ ಸ್ಕೋರ್ (ಸಾಲ ಹೇಗೆ ತೀರಿಸ್ತೀವಿ ಅನ್ನೋದಕ್ಕೆ ಸಿಗೋ ಅಂಕ) ನೆಲ ಕಚ್ಚಿದೆ, ಮೊದಲ್ನೇ ಹೋಮ್ ಲೋನ್ ಸಿಗುತ್ತಾ?

ಕೆಲಸ ಹೋದಾಗ ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟಕ್ಕಾಗ್ದೆ ಕೊನೆಗೆ ಒಂದಿಷ್ಟು ಮಾತ್ರ ಕಟ್ಟಿ ಸೆಟಲ್‌ಮೆಂಟ್ ಮಾಡ್ಕೊಂಡೆ, ಈಗ ಸಂಬಳ ಸರಿಯಾಗಿ ಬರ್ತಿದೆ ಆದ್ರೂ ಎರಡು ಬ್ಯಾಂಕಲ್ಲಿ ರಿಜೆಕ್ಟ್ ಆಯ್ತು, ಮೂರನೇ ಕಡೆ ಟ್ರೈ ಮಾಡ್ಲಾ?

ಉತ್ತರ 1:
ಬೇಡ ಮಾರಾಯ್ರೇ! ಪ್ರತಿ ಅರ್ಜಿಗೂ ಬ್ಯಾಂಕಿನವ್ರು ನಿಮ್ ಕ್ರೆಡಿಟ್ ರಿಪೋರ್ಟ್ (ಸಾಲಗಳ ದಾಖಲೆ) ತೆಗೆಸ್ತಾರೆ, ಅದೂ ದಾಖಲಾಗಿ ಸ್ಕೋರ್ ಇನ್ನೊಂಚೂರು ಇಳಿಯಬಹುದು. ಮೊದ್ಲು ನೀವೇ ರಿಪೋರ್ಟ್ ತೆಗೆದು ಸಾಲುಸಾಲಾಗಿ ಓದಿ, ಸ್ವಂತ ನೋಡ್ಕೊಂಡ್ರೆ ಸ್ಕೋರ್‌ಗೇನೂ ಆಗಲ್ಲ. ನಂದ್ರಲ್ಲಿ ಎಂದೋ ತೀರಿಸಿದ್ದ ಬೈಕ್ ಲೋನ್ ಇನ್ನೂ ಬಾಕಿ ಅಂತ ಕೂತಿತ್ತು, ತಕರಾರು ಹಾಕಿ ತೆಗೆಸಿದೆ.

ಉತ್ತರ 2:
ಸೆಟಲ್ಡ್ ಅಂದ್ರೆ ಪೂರ್ತಿ ಕಟ್ಟಿಲ್ಲ ಅಂತ್ಲೇ ಲೆಕ್ಕ. ಉಳಿದಿದ್ದನ್ನ ಕಟ್ಟಿದ್ರೆ ಕ್ಲೋಸ್ಡ್ ಅಂತ ಬದಲಾಯಿಸ್ತಾರಾ ಕೇಳಿ, ಪತ್ರ ಇಸ್ಕೊಳ್ದೆ ದುಡ್ಡು ಕೊಡ್ಬೇಡಿ. ಡೌನ್ ಪೇಮೆಂಟ್ ಜಾಸ್ತಿ ಇಟ್ರೆ ಬ್ಯಾಂಕಿಗೂ ಧೈರ್ಯ.

ಕೇಳಿದವರು:
ಹೆಂಡ್ತಿ ಸ್ಕೋರ್ ಚೆನ್ನಾಗಿದೆ, ಜಂಟಿ ಅರ್ಜಿ ಹಾಕಿದ್ರೆ?

ಉತ್ತರ 2:
ಆದಾಯ ಕೂಡುತ್ತೆ ನಿಜ, ಆದ್ರೆ ನಿಮ್ ಸ್ಕೋರೂ ನೋಡೇ ನೋಡ್ತಾರೆ.