ಅಪ್‌ಡೇಟ್: ಮಗನ ತೊಡೆಮೂಳೆ, 5 ತಿಂಗಳ ನಂತರ

9 ವರ್ಷದ ಮಗ ಅಂಗಳದಲ್ಲಿ ಸುಮ್ನೆ ಓಡುವಾಗ ಬಿದ್ದು ಸೊಂಟದ ಕೆಳಗೇ ತೊಡೆಮೂಳೆ ಮುರಿದುಕೊಂಡ, ಎಕ್ಸ್‌ರೇಯಲ್ಲಿ ಗಡ್ಡೆ ಕಂಡಿದೆ, ಪ್ಲಾಸ್ಟರ್ ಸಾಕಾ ಆಪರೇಷನ್ ಬೇಕಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕ್ಯಾನ್ಸರ್ ಅಲ್ಲ! ಸಿಂಪಲ್ ಬೋನ್ ಸಿಸ್ಟ್. ಅಂದರೆ ಮೂಳೆಯೊಳಗೆ ನೀರು ತುಂಬಿದ ಟೊಳ್ಳು, ಸುತ್ತಲಿನ ಗೋಡೆ ತೀರಾ ತೆಳು, ಅದಕ್ಕೇ ಅಷ್ಟು ಸಣ್ಣ ಪೆಟ್ಟಿಗೆ ಮುರಿದದ್ದು. ಮುರಿದ ಚೂರೊಂದು ಆ ನೀರಿನ ತಳಕ್ಕೆ ಬಿದ್ದಿತ್ತು. ಇದಕ್ಕೆ ಉದುರಿದ ಎಲೆಯ ಗುರುತು ಅಂತಾರೆ ಎಂದು ಡಾಕ್ಟರು ಎಕ್ಸ್‌ರೇಯಲ್ಲೇ ತೋರಿಸಿದರು. ಆದರೂ ಬಯಾಪ್ಸಿ (ಗಡ್ಡೆಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು) ಮಾಡಿಯೇ ಮುಂದೆ ಹೋದರು. ಮೊದಲು ಹೋದ ಕಡೆ ಅದಿಲ್ಲದೆ ಆವತ್ತೇ ಮೂಳೆಯೊಳಗೆ ರಾಡ್ ಹಾಕೋಣ ಅಂದಿದ್ದರು, ನಾವು ಒಪ್ಪದೇ ಇದ್ದದ್ದು ಒಳ್ಳೆಯದಾಯಿತು, ಯಾಕೆಂದರೆ ಗಡ್ಡೆ ಕೆಟ್ಟದ್ದಾಗಿದ್ದರೆ ರಾಡ್ ಅದನ್ನು ಮೂಳೆಯುದ್ದಕ್ಕೂ ಹರಡಬಹುದು.

ತೋಳಿನ ಮೂಳೆಯಾಗಿದ್ದರೆ ಜೋಳಿಗೆ ಕಟ್ಟಿ ಕಾಯುತ್ತಿದ್ದರಂತೆ. ಇಲ್ಲಿ ಮೈಭಾರವೆಲ್ಲ ಬೀಳುತ್ತದೆ ಅಲ್ವಾ, ಸೊಟ್ಟಗೆ ಕೂಡುವ ಭಯ. ಸಿಸ್ಟ್ ಕೆರೆದು ತೆಗೆದು, ಅವನದೇ ಸೊಂಟದ ಮೂಳೆಯ ಚೂರು ತುಂಬಿ, ಪ್ಲೇಟ್ ಕೂರಿಸಿದರು. 6 ವಾರ ಕಾಲೂರುವಂತಿರಲಿಲ್ಲ. ಅವನಿಗಿಂತ ನನಗೇ ಕಷ್ಟವಾಯಿತು, ಎತ್ತಿ ಎತ್ತಿ ನನ್ನ ಬೆನ್ನು ಹೋಯಿತು.

ಈಗ ಶಾಲೆಗೆ ನಡೆದೇ ಹೋಗುತ್ತಾನೆ, ಸಂಜೆ ಹೊತ್ತಿಗೆ ಸ್ವಲ್ಪ ಕುಂಟು. ಸಣ್ಣ ಟೊಳ್ಳೊಂದು ಉಳಿದಿದೆ. ಚಿಕ್ಕ ಮಕ್ಕಳಲ್ಲಿ ಇದು ಮತ್ತೆ ಬರುವುದು ಜಾಸ್ತಿ, ಹಾಗಾಗಿ 3 ತಿಂಗಳಿಗೊಮ್ಮೆ ಎಕ್ಸ್‌ರೇ. ಕ್ರಿಕೆಟ್ ಯಾವಾಗ ಅಂತ ದಿನಾ ಕೇಳುತ್ತಾನೆ. ಮುಂದಿನ ಎಕ್ಸ್‌ರೇ ಆಗಲಿ ಅಂತ ತಳ್ಳುತ್ತಿದ್ದೇನೆ.