ಹೊರೆ ಬಿದ್ದಾಗ ವೋಲ್ಟೇಜ್ ‘ಜಗ್ಗುತ್ತದೆ’ ಎನ್ನಬಹುದೇ?

ಶಿರಸಿಯಿಂದ ಎಲ್ಲರಿಗೂ ನಮಸ್ಕಾರ.

ಗ್ಯಾರೇಜಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಕಲಿಯುವ ಹುಡುಗರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹಳೆಯ ಹೈಬ್ರಿಡ್ ಕಾರಿನ (ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರು) ಬ್ಯಾಟರಿ ಪರೀಕ್ಷೆ ಅದರ ವಿಷಯ. ಬ್ಯಾಟರಿ, ಸೆಲ್, ಫ್ಯೂಸ್, ಸ್ಕ್ಯಾನರ್ ಇವೆಲ್ಲ ಹಾಗೇ ಇರಲಿ, ಅವು ಈಗ ಕನ್ನಡದವೇ. ನಾನು ಸಿಕ್ಕಿಕೊಂಡಿರುವುದು ಒಂದು ಕ್ರಿಯಾಪದದಲ್ಲಿ.

ಮೊದಲು ಸಂಗತಿ ಹೇಳುತ್ತೇನೆ. 2010ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೊಟಾ ಪ್ರಿಯಸ್‌ನ ರಚನೆಯನ್ನೇ ತೆಗೆದುಕೊಳ್ಳಿ. ಅದರ ದೊಡ್ಡ ಬ್ಯಾಟರಿ ನಿಕಲ್ ಮೆಟಲ್ ಹೈಡ್ರೈಡ್ ಜಾತಿಯದು. ಅದರಲ್ಲಿ 28 ಮಾಡ್ಯೂಲ್, ಒಂದೊಂದರಲ್ಲಿ 6 ಸೆಲ್. ಸೆಲ್‌ಗೆ 1.2 ವೋಲ್ಟ್‌ನಂತೆ ಒಟ್ಟು 201.6 ವೋಲ್ಟ್. ಕಾರಿನ ಕಂಪ್ಯೂಟರ್ ಎರಡೆರಡು ಮಾಡ್ಯೂಲ್ ಸೇರಿಸಿ 14 ಜೋಡಿಗಳಾಗಿ ಅಳೆಯುತ್ತದೆ. ಒಂದು ಜೋಡಿಯ ಒಂದೇ ಸೆಲ್ ಸೊರಗಿದರೂ ಸಾಕು, ತೊಂದರೆ ಶುರು.

ಆದರೆ ಅದು ಬಿಟ್ಟು ಬಿಟ್ಟು ಬರುವ ತೊಂದರೆ. ಕುಮಟಾದಿಂದ ಅಂಕೋಲೆವರೆಗಿನ ಸಪಾಟು ಹೆದ್ದಾರಿಯಲ್ಲಿ ಏನೂ ಗೊತ್ತಾಗದಿರಬಹುದು. ದೇವಿಮನೆ ಘಟ್ಟ ಹತ್ತುವಾಗ ಮೋಟಾರಿಗೆ ಜಾಸ್ತಿ ಕರೆಂಟ್ ಬೇಕು, ಅಂದರೆ ಬ್ಯಾಟರಿಯ ಮೇಲೆ ಹೊರೆ ಬೀಳುತ್ತದೆ. ಆಗ ಸೊರಗಿದ ಜೋಡಿಯ ವೋಲ್ಟೇಜ್ ಉಳಿದವುಗಳಿಗಿಂತ ಮೊದಲೇ ಕೆಳಗೆ ಹೋಗುತ್ತದೆ, ಎಚ್ಚರಿಕೆ ದೀಪ ಬರುತ್ತದೆ. ಹೊರೆ ತಗ್ಗಿದ ಕೂಡಲೇ ಅದು ಮತ್ತೆ ಮೇಲೆ ಬರುತ್ತದೆ. ಘಟ್ಟ ಇಳಿಯುವಾಗ ಬ್ರೇಕಿನಿಂದ ಚಾರ್ಜ್ ಆಗುತ್ತದಲ್ವಾ, ಆಗ ಅದೇ ಜೋಡಿ ಎಲ್ಲಕ್ಕಿಂತ ಮೊದಲು ತುಂಬಿ ಮೇಲೇರುತ್ತದೆ. ಹತ್ತುವಾಗಲೂ ಇಳಿಯುವಾಗಲೂ ಒಂದೇ ಜೋಡಿ ಗುಂಪು ಬಿಟ್ಟು ಓಡಿದರೆ ಅದರ ಮೇಲೆ ಕಣ್ಣಿಡಬೇಕು. ಗ್ಯಾರೇಜಿನಲ್ಲಿ ನಿಲ್ಲಿಸಿ ಮೀಟರ್ ಹಿಡಿದರೆ 14 ಜೋಡಿಯೂ ಹೆಚ್ಚುಕಡಿಮೆ ಒಂದೇ ತೋರಿಸಬಹುದು. ಅದಕ್ಕೇ ಕಾರಿನ ಕಂಪ್ಯೂಟರ್ ಅಳೆದ ಅಂಕಿ ತೋರಿಸುವ ಸ್ಕ್ಯಾನರ್ ಹಾಕಿಕೊಂಡು ಘಟ್ಟದಲ್ಲೇ ನೋಡಬೇಕು. ಓಡಿಸುವವರು ಒಬ್ಬರು, ನೋಡುವವರು ಇನ್ನೊಬ್ಬರು.

ಈಗ ಪ್ರಶ್ನೆ. ಹೊರೆ ಬಿದ್ದಾಗ ವೋಲ್ಟೇಜ್ ಕೆಳಗೆ ಹೋಗಿ, ಹೊರೆ ತೆಗೆದಾಗ ತಾನೇ ಏಳುತ್ತದಲ್ಲ, ಅದಕ್ಕೆ ಏನೆನ್ನೋಣ?

ಎಲ್ಲರ ಬಾಯಲ್ಲಿರುವುದು ‘ಬ್ಯಾಟರಿ ಇಳಿದಿದೆ’ ಅಥವಾ ‘ಡೌನ್ ಆಗಿದೆ’. ಇದನ್ನು ಕೇಳಿದ ಹುಡುಗ ಚಾರ್ಜ್ ಮಾಡಲು ಹೋಗುತ್ತಾನೆ. ನಿಜವಾಗಿ ‘ಇಳಿಯುವುದು’ ಅದೇ ಕಾರಿನಲ್ಲಿ ದೀಪ, ಕಂಪ್ಯೂಟರಿಗಾಗಿ ಬೇರೆಯೇ ಇರುವ 12 ವೋಲ್ಟಿನ ಸಣ್ಣ ಬ್ಯಾಟರಿಯ ಪಾಡು. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ಸುಮ್ನೆ ನಿಂತರೆ ಅದು ಇಳಿಯುತ್ತದೆ. ತುಂಬಿದ್ದಾಗ ಸುಮಾರು 12.6 ತೋರಿಸುವುದು 12.2ಕ್ಕೆ ಬಂದರೆ ಅರ್ಧ ಖಾಲಿ ಎಂದು ಲೆಕ್ಕ. ಅದು ಇಳಿದಾಗಲೂ ಸಂಬಂಧವಿಲ್ಲದ ದೀಪಗಳೆಲ್ಲ ಬರಬಹುದು. ಹಾಗಾಗಿ ಮೊದಲು ಸಣ್ಣದನ್ನೇ ಅಳೆಯಬೇಕು. ಎರಡಕ್ಕೂ ‘ಇಳಿ’ ಎಂದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

‘ಕುಸಿ’ ನೋಡಿದೆ. ಗುಡ್ಡ ಕುಸಿದರೆ ತಿರುಗಿ ಏಳುವುದಿಲ್ಲ, ಆದ್ದರಿಂದ ನನಗೆ ಒಪ್ಪಿಗೆಯಿಲ್ಲ. ‘ಬೀಳು’ ಮಾತಿನಲ್ಲಿ ಇದೆ, ಅದಕ್ಕೂ ಅದೇ ಅಡ್ಡಿ. ‘ಕುಗ್ಗು’ ಪರವಾಗಿಲ್ಲ, ಆದರೆ ಅದರಲ್ಲಿ ಹೊರೆಯ ಸುಳಿವೇ ಇಲ್ಲ.

ನನ್ನ ಮನಸ್ಸು ‘ಜಗ್ಗು’ ಕಡೆಗಿದೆ. ಭಾರಕ್ಕೆ ತೊಲೆ ಜಗ್ಗುತ್ತದೆ, ಬಟ್ಟೆ ಹಾಕಿದರೆ ಹಗ್ಗ ಜಗ್ಗುತ್ತದೆ, ತೆಗೆದರೆ ಮೇಲೆ ಬರುತ್ತದೆ. ಹೊರೆ, ಬಾಗುವಿಕೆ, ಮರಳಿ ಏಳುವುದು ಮೂರೂ ಆ ಒಂದು ಪದದಲ್ಲಿವೆ. ತೊಡಕು ಒಂದೇ. ನಮ್ಮದೇ ಜಿಲ್ಲೆಯ ಹಳಿಯಾಳ, ಮುಂಡಗೋಡ ಕಡೆ ಹುಬ್ಬಳ್ಳಿಯ ಹಾಗೆ ‘ಜಗ್ಗು’ ಅಂದರೆ ಎಳೆ. ಅಲ್ಲಿ ‘ಮೋಟಾರ್ ಭಾಳ ಕರೆಂಟ್ ಜಗ್ತದ’ ಎನ್ನುತ್ತಾರೆ. ಆಗ ‘ಮೋಟಾರ್ ಜಗ್ಗಿದಾಗ ವೋಲ್ಟೇಜ್ ಜಗ್ಗುತ್ತದೆ’ ಎಂದಾಗಿಬಿಡುತ್ತದೆ! ಕರೆಂಟಿಗೆ ಎಲ್ಲ ಕಡೆ ‘ಎಳೆ’ ಬಳಸಿ, ವೋಲ್ಟೇಜಿಗೆ ಮಾತ್ರ ‘ಜಗ್ಗು’ ಎಂದು ಮೊದಲ ಪುಟದಲ್ಲೇ ಹೇಳಿಬಿಟ್ಟರೆ ಸಾಕಾಗಬಹುದೇ?

ಜೊತೆಗೆ ಇನ್ನೊಂದು ಸಣ್ಣ ಮಾತು. ಮಾಡ್ಯೂಲುಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಟ್ಟುತ್ತದೆ. ಕಾರವಾರದ ಉಪ್ಪುಗಾಳಿ, ತೇವಕ್ಕೆ ಅದು ಇನ್ನೂ ಜಾಸ್ತಿ. ಗ್ಯಾರೇಜಿನಲ್ಲಿ ಇದಕ್ಕೂ ‘ತುಕ್ಕು’ ಎನ್ನುವುದುಂಟು. ನಾನು ‘ಕಿಲುಬು’ ಎಂದೇ ಬರೆದಿದ್ದೇನೆ. ಕಬ್ಬಿಣದ್ದು ತುಕ್ಕು, ತಾಮ್ರದ್ದು ಕಿಲುಬು. ಇದು ಬರೀ ಅಚ್ಚುಕಟ್ಟಿಗಲ್ಲ. ಕಿಲುಬಿನಿಂದಲೂ ಒಂದು ಜೋಡಿಯ ಅಂಕಿ ತಪ್ಪು ಬರಬಹುದು, ಆಗ ಉಜ್ಜಿ ಬಿಗಿ ಮಾಡಿದರೆ ಸಾಕು, ಬ್ಯಾಟರಿ ಬದಲಿಸಬೇಕಾಗಿಲ್ಲ. ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ವೈರ್ ಮುಟ್ಟುವ ಮುಂಚೆ ಸರ್ವಿಸ್ ಪ್ಲಗ್ (ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಪ್ಲಗ್) ತೆಗೆದು ಕನಿಷ್ಠ 10 ನಿಮಿಷ ಕಾಯಬೇಕು, ಹೈ ವೋಲ್ಟೇಜ್ ಕೈಗವಸು ಬೇಕೇ ಬೇಕು ಎಂಬುದನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದೇನೆ.

ಹಳಿಯಾಳ, ಮುಂಡಗೋಡದವರು ದಯವಿಟ್ಟು ಹೇಳಿ: ‘ಘಟ್ಟ ಹತ್ತುವಾಗ ಮೋಟಾರ್ ಕರೆಂಟ್ ಎಳೆದಂತೆ ಏಳನೇ ಜೋಡಿಯ ವೋಲ್ಟೇಜ್ ಜಗ್ಗುತ್ತದೆ’ ಎಂದು ಓದಿದರೆ ನಿಮಗೆ ಏನು ಅರ್ಥವಾಗುತ್ತದೆ? ಅಂಕೋಲಾ, ಹೊನ್ನಾವರ ಕಡೆ ಇದಕ್ಕೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.