ಡಿಬಿಟಿ ಆರಂಭಿಸುವವರಿಗೆ ಮೊದಲ ತಿಂಗಳುಗಳಲ್ಲಿ ಏನೇನು ಎದುರಾಗುತ್ತದೆ?

ತಿಳಿನೀರು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕಳೆದ ಆರು ವರ್ಷಗಳಲ್ಲಿ ಮೂವರು ಆಪ್ತಸಮಾಲೋಚಕರ ಬಳಿ ಹೋಗಿ ಬಂದಿದ್ದೇನೆ. ಮೂವರೂ ಒಳ್ಳೆಯವರೇ. ಅವರೆದುರು ಕುಳಿತಷ್ಟು ಹೊತ್ತು ಮನಸ್ಸು ಹಗುರವಾಗುತ್ತಿತ್ತು, ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಯಾರದೋ ಒಂದು ಮಾತಿಗೆ ಕೆಂಡಾಮಂಡಲವಾಗುವುದು, ಆಮೇಲೆ ನನ್ನನ್ನೇ ಹಳಿದುಕೊಂಡು ನೋಯಿಸಿಕೊಳ್ಳುವುದು, ಎಲ್ಲವೂ ಮೊದಲಿನಂತೆಯೇ ನಡೆಯುತ್ತಿತ್ತು. ಈಗ ಮನೋವೈದ್ಯರು ಇದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆಗಳೂ ಸಂಬಂಧಗಳೂ ಪದೇ ಪದೇ ಹತೋಟಿ ತಪ್ಪುವ ಮಾನಸಿಕ ತೊಂದರೆ) ಎಂದು ಹೇಳಿ, ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಗೆ, ಅಂದರೆ ಡಿಬಿಟಿಗೆ, ಸೇರಿಕೊಳ್ಳಲು ಸೂಚಿಸಿದ್ದಾರೆ. ಮುಂದಿನ ವಾರ ಮೊದಲ ಭೇಟಿ.

ಒಂದು ವರ್ಷದ ಬದ್ಧತೆ ಬೇಕು, ವಾರಕ್ಕೊಂದು ವೈಯಕ್ತಿಕ ಸೆಷನ್ ಇರುತ್ತದೆ, ಅದರ ಜೊತೆಗೆ ಗುಂಪಿನ ತರಗತಿ, ಹೋಮ್‌ವರ್ಕ್, ದಿನವೂ ತುಂಬಬೇಕಾದ ಕಾರ್ಡ್ ಎಂದೆಲ್ಲ ಫೋನಿನಲ್ಲಿ ವಿವರಿಸಿದಾಗ, ನಾನು ಚಿಕಿತ್ಸೆಗೆ ಹೋಗುತ್ತಿದ್ದೇನೋ ಪರೀಕ್ಷೆಗೆ ಕಟ್ಟಿದ್ದೇನೋ ತಿಳಿಯದಂತಾಯಿತು. ಇದನ್ನು ಹಾದು ಬಂದವರು ದಯವಿಟ್ಟು ತಿಳಿಸಿ: ಮೊದಲ ವಾರಗಳಲ್ಲಿ ನಿಜವಾಗಿ ಏನು ನಡೆಯುತ್ತದೆ? ಗುಂಪಿನಲ್ಲಿ ಅಪರಿಚಿತರ ಮುಂದೆ ನನ್ನ ಕಥೆಯನ್ನೆಲ್ಲ ಹೇಳಬೇಕೇ? ಇನ್ನೊಂದು, ಈ ಚಿಕಿತ್ಸೆಯಲ್ಲಿ ‘ಒಪ್ಪಿಕೊಳ್ಳುವುದು’ ಬಹಳ ಮುಖ್ಯವೆಂದು ಓದಿದೆ. ನನಗೆ ಅನ್ಯಾಯ ಮಾಡಿದವರನ್ನು ಸರಿ ಎಂದು ಒಪ್ಪಿಕೊಳ್ಳುವುದು ನನ್ನಿಂದ ಸಾಧ್ಯವಿಲ್ಲ.

ವರ್ಷ ಮುಗಿಸಿದವನು ಬರೆದ ಉತ್ತರ:

ಪರೀಕ್ಷೆಗೆ ಕಟ್ಟಿದಂತೆ ಎಂದಿರಲ್ಲ, ಅದು ಅಷ್ಟೇನೂ ತಪ್ಪು ಹೋಲಿಕೆಯಲ್ಲ. ಡಿಬಿಟಿಯಲ್ಲಿ ಮನಸ್ಸಿನ ಭಾರ ಇಳಿಸಿಕೊಳ್ಳುವುದಕ್ಕಿಂತ ಕಲಿಯುವುದೇ ಹೆಚ್ಚು, ಮತ್ತು ಅದನ್ನು ನನಗೆ ಯಾರೂ ಮುಂಚಿತವಾಗಿ ಹೇಳದೇ ಇದ್ದುದರಿಂದ ಮೊದಲ ತಿಂಗಳು ನಾನು ಪ್ರತಿ ಸಲವೂ ಮುಖ ಸಪ್ಪಗೆ ಮಾಡಿಕೊಂಡು ಹೊರಬರುತ್ತಿದ್ದೆ.

ಆರಂಭದ ಒಂದೆರಡು ಭೇಟಿಗಳಲ್ಲಿ, ಕೆಲವರ ವಿಷಯದಲ್ಲಿ ನಾಲ್ಕರವರೆಗೂ, ಚಿಕಿತ್ಸೆ ಇನ್ನೂ ಶುರುವಾಗಿರುವುದಿಲ್ಲ. ನಿಮಗೆ ಏನು ಬದಲಾಗಬೇಕಾಗಿದೆ, ಬದುಕು ಯಾವ ರೀತಿ ಇದ್ದರೆ ಅದನ್ನು ಬದುಕಲು ನಿಮಗೆ ಮನಸ್ಸಾಗುತ್ತದೆ, ಜೀವಕ್ಕೆ ಅಪಾಯ ತರುವ ನಡವಳಿಕೆಯನ್ನು ಬಿಡುವ ಕೆಲಸಕ್ಕೆ ನೀವು ಸಿದ್ಧರಿದ್ದೀರಾ ಎಂದು ಕೇಳುತ್ತಾರೆ. ನೀವು ಹೂಂ ಎಂದ ತಕ್ಷಣ ಅವರು ಸಂತೋಷಪಟ್ಟು ಮುಂದೆ ಹೋಗುವುದೂ ಇಲ್ಲ. ನನ್ನ ಥೆರಪಿಸ್ಟ್ ‘ಇದು ಬಹಳ ಕಷ್ಟದ ಕೆಲಸ, ನಿಮಗೆ ಯಾಕೆ ಬೇಕು ಇದೆಲ್ಲ?’ ಎಂದು ಎದುರು ವಾದ ಹೂಡಿ, ನಾನೇ ಚಿಕಿತ್ಸೆಯ ಪರವಾಗಿ ವಕಾಲತ್ತು ಮಾಡುವಂತೆ ಮಾಡಿದ್ದರು. ಆಗ ಸಿಟ್ಟು ಬಂದಿತ್ತು. ಅದು ಡಿಬಿಟಿಯ ಒಂದು ತಂತ್ರವೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳುಗಳ ನಂತರ.

ಗುಂಪಿನ ಬಗ್ಗೆ ಹೆದರಬೇಡಿ. ಅದು ತರಗತಿಯೇ ಹೊರತು ಕಷ್ಟಸುಖ ಹಂಚಿಕೊಳ್ಳುವ ಕೂಟವಲ್ಲ. ಎರಡು ಗಂಟೆಯ ಅವಧಿಯಲ್ಲಿ ಮೊದಲರ್ಧ ಹಿಂದಿನ ವಾರದ ಹೋಮ್‌ವರ್ಕ್ ಕುರಿತ ಮಾತು, ಉಳಿದರ್ಧ ಹೊಸ ಕೌಶಲದ ಪಾಠ. ನೋಯಿಸಿಕೊಂಡ ವಿವರಗಳನ್ನು ಗುಂಪಿನಲ್ಲಿ ಹೇಳುವುದಕ್ಕೆ ಅವಕಾಶವೇ ಇರುವುದಿಲ್ಲ, ಏಕೆಂದರೆ ಒಬ್ಬರ ವಿವರ ಇನ್ನೊಬ್ಬರ ಪ್ರಚೋದನೆಯಾಗಬಹುದು. ನಮ್ಮ ಗುಂಪಿನಲ್ಲಿದ್ದ ಒಬ್ಬರ ಬಾಲ್ಯದ ಬಗ್ಗೆ ನನಗೆ ಇಂದಿಗೂ ಏನೂ ಗೊತ್ತಿಲ್ಲ, ಆದರೆ ಅವರು ಸಿಟ್ಟು ಬಂದಾಗ ಉಸಿರಾಟವನ್ನು ಹೇಗೆ ಎಣಿಸುತ್ತಾರೆಂಬುದು ಚೆನ್ನಾಗಿ ಗೊತ್ತು.

ಕಷ್ಟವಾದದ್ದು ಡೈರಿ ಕಾರ್ಡ್. ಆ ದಿನದ ದುಃಖ, ಸಿಟ್ಟು, ನಾಚಿಕೆ ಎಷ್ಟಿತ್ತು, ನೋಯಿಸಿಕೊಳ್ಳುವ ತುಡಿತ ಎಷ್ಟು ಬಲವಾಗಿತ್ತು ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಹಾಕಿ, ಯಾವ ಕೌಶಲ ಬಳಸಿದಿರೆಂದು ಗುರುತು ಮಾಡಬೇಕು. ಮೂರು ವಾರ ನಾನು ಅದನ್ನು ಸೆಷನ್ನಿಗೆ ಮುಂಚೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತು, ಏಳು ದಿನಕ್ಕೂ ಒಂದೇ ಪೆನ್ನಿನಲ್ಲಿ, ಹೆಚ್ಚುಕಡಿಮೆ ಒಂದೇ ಅಂಕ ಹಾಕಿ ತುಂಬಿದೆ. ನಾಲ್ಕನೇ ವಾರ ಥೆರಪಿಸ್ಟ್ ಕಾರ್ಡನ್ನು ಬೆಳಕಿಗೆ ಹಿಡಿದು, ‘ಮಂಗಳವಾರವೂ ಮೂರು, ಶುಕ್ರವಾರವೂ ಮೂರು, ಶಾಯಿ ಇನ್ನೂ ಒಣಗಿಲ್ಲ’ ಎಂದು ನಕ್ಕರು. ಬೈಯಲಿಲ್ಲ. ಉಳಿದ ಸಮಯವನ್ನೆಲ್ಲ, ರಾತ್ರಿ ಆ ಕಾರ್ಡ್ ಮುಟ್ಟುವಾಗ ನನಗೆ ಏನಾಗುತ್ತದೆ ಎಂಬುದಕ್ಕೇ ಮೀಸಲಿಟ್ಟರು. ಆ ದಿನವನ್ನು ಮತ್ತೊಮ್ಮೆ ನೋಡಬೇಕಲ್ಲ ಎಂಬ ನಾಚಿಕೆಯೇ ಕೈ ಕಟ್ಟಿಹಾಕುತ್ತಿತ್ತೆಂದು ಅಂದು ಗೊತ್ತಾಯಿತು.

ಕಾರ್ಡಿನಲ್ಲಿ ದೊಡ್ಡ ಅಂಕ ಕಂಡ ದಿನದ ಮೇಲೆ ಸರಪಳಿ ವಿಶ್ಲೇಷಣೆ ನಡೆಯುತ್ತದೆ. ನನ್ನದೊಂದು ಸಂಜೆ ಹೀಗಿತ್ತು: ಗೆಳೆಯ ನನ್ನ ಸಂದೇಶ ಓದಿದ್ದಾನೆ, ಉತ್ತರವಿಲ್ಲ. ರಾತ್ರಿಯ ಹೊತ್ತಿಗೆ ಎಲ್ಲ ಅನಾಹುತವೂ ಆಗಿಹೋಗಿತ್ತು, ಮತ್ತು ನನ್ನ ಲೆಕ್ಕದಲ್ಲಿ ಕಾರಣ ಆ ಗೆಳೆಯ ಮಾತ್ರ. ಥೆರಪಿಸ್ಟ್ ಒಂದೊಂದೇ ಕೊಂಡಿಯನ್ನು ಬಿಡಿಸುತ್ತ ಹೋದರು. ಹಿಂದಿನ ರಾತ್ರಿ ಎಷ್ಟು ನಿದ್ದೆ? ನಾಲ್ಕು ಗಂಟೆ. ಮಧ್ಯಾಹ್ನ ಊಟ? ಇಲ್ಲ. ಸಂದೇಶ ನೋಡಿದ ಕ್ಷಣ ಮೈಯಲ್ಲಿ ಏನಾಯಿತು, ತಲೆಯಲ್ಲಿ ಬಂದ ಮೊದಲ ವಾಕ್ಯ ಯಾವುದು, ಮೊದಲ ಕರೆಗೂ ಹನ್ನೊಂದನೆಯ ಕರೆಗೂ ನಡುವೆ ಎಲ್ಲಿ ಕುಳಿತಿದ್ದೆ, ಎಲ್ಲ ಮುಗಿದ ಮೇಲೆ ಎಷ್ಟು ನಿಮಿಷ ಸಮಾಧಾನವೆನಿಸಿತು? ಅಷ್ಟು ಸೂಕ್ಷ್ಮವಾಗಿ ಬಿಡಿಸಿದಾಗ, ದಿಢೀರನೆ ಆಯಿತೆಂದು ನಾನು ನಂಬಿದ್ದ ಘಟನೆಯಲ್ಲಿ ಹದಿನಾಲ್ಕು ಕೊಂಡಿಗಳಿದ್ದವು, ಅವುಗಳಲ್ಲಿ ಐದಾರನ್ನು ಕತ್ತರಿಸಲು ನನಗೆ ಸಾಧ್ಯವಿತ್ತು. ಈ ಕೆಲಸ ಬೇಸರದ್ದು, ಕೆಲವೊಮ್ಮೆ ಅವಮಾನಕರವೂ ಅನಿಸುತ್ತದೆ, ಆದರೆ ನನಗೆ ಅತಿ ಹೆಚ್ಚು ಉಪಕಾರವಾದದ್ದು ಇದರಿಂದಲೇ.

ಗುಂಪು ನಡೆಸುವವರು ಬರೆದ ಉತ್ತರ:

ನಾನು ಕೌಶಲ ತರಗತಿಗಳನ್ನು ನಡೆಸುತ್ತೇನೆ. ಮೇಲಿನ ಉತ್ತರಕ್ಕೆ ಕೆಲವು ಮಾತು ಸೇರಿಸುತ್ತೇನೆ, ಮುಖ್ಯವಾಗಿ ‘ಒಪ್ಪಿಕೊಳ್ಳುವುದರ’ ಬಗ್ಗೆ, ಏಕೆಂದರೆ ಅತಿ ಹೆಚ್ಚು ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುವ ಪದ ಅದೇ.

ಈ ಚಿಕಿತ್ಸೆಯನ್ನು ರೂಪಿಸಿದವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹನ್. ಪದೇ ಪದೇ ಆತ್ಮಹತ್ಯೆಗೆ ಯತ್ನಿಸುತ್ತಿದ್ದ ಮಹಿಳೆಯರಿಗೆ ಅವರು ಮೊದಲು ಬಿಹೇವಿಯರ್ ಥೆರಪಿಯನ್ನಷ್ಟೇ, ಅಂದರೆ ನಡವಳಿಕೆ ಬದಲಿಸುವ ಚಿಕಿತ್ಸೆಯನ್ನಷ್ಟೇ, ಕೊಟ್ಟು ನೋಡಿದಾಗ, ‘ಬದಲಾಗು, ಬದಲಾಗು’ ಎಂಬ ಒತ್ತಾಯ ಆ ಮಹಿಳೆಯರಿಗೆ ‘ನಿನ್ನದೇ ತಪ್ಪು’ ಎಂದು ಕೇಳಿಸಿತು. ಬರೀ ಸಹಾನುಭೂತಿ ತೋರಿದಾಗ ‘ನನ್ನ ನರಕ ಹೀಗೆಯೇ ಇರಲಿ ಎನ್ನುತ್ತೀರಾ?’ ಎಂಬ ಸಿಟ್ಟು ಬಂತು. ಎರಡನ್ನೂ ಒಟ್ಟಿಗೆ ಹಿಡಿಯುವುದೇ ಹೆಸರಿನಲ್ಲಿರುವ ‘ಡಯಲೆಕ್ಟಿಕಲ್’ ಪದದ ಅರ್ಥ: ನೀವು ಈಗ ಇರುವ ಸ್ಥಿತಿಗೆ ಕಾರಣಗಳಿವೆ, ಅದು ನಿಜ, ನೀವು ಬದಲಾಗಲೇಬೇಕು, ಅದೂ ನಿಜ. 1991ರಲ್ಲಿ ಅವರ ಮೊದಲ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಹದಿಹರೆಯದಲ್ಲಿ ತಾವೂ ಇಂಥದೇ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ್ದನ್ನು ಅವರು ಬಹಿರಂಗವಾಗಿ ಹೇಳಿದ್ದು 2011ರಲ್ಲಿ. ಇದನ್ನು ನಾನು ಹೊಸ ಗುಂಪಿಗೆ ಯಾವಾಗಲೂ ಹೇಳುತ್ತೇನೆ. ಪಾಠ ಮಾಡುವವರಿಗೆ ಈ ನೋವಿನ ಗಂಧಗಾಳಿಯೂ ಇಲ್ಲವೆಂಬ ಅನುಮಾನ ಅದರಿಂದ ಸ್ವಲ್ಪ ಕರಗುತ್ತದೆ.

ಹಾಗಾಗಿ ಒಪ್ಪಿಕೊಳ್ಳುವುದೆಂದರೆ ಮೆಚ್ಚುವುದಲ್ಲ, ಕ್ಷಮಿಸುವುದೂ ಅಲ್ಲ. ಆದದ್ದು ಆಗಿಹೋಗಿದೆ ಎಂಬ ಸಂಗತಿಯೊಡನೆ ಜಗಳವಾಡುವುದನ್ನು ನಿಲ್ಲಿಸುವುದಷ್ಟೇ. ಅನ್ಯಾಯವನ್ನು ಅನ್ಯಾಯವೆಂದೇ ಕರೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಈ ಪಾಠ ಮೊದಲ ದಿನವೇ ತಲೆಗೆ ಹತ್ತಬೇಕೆಂದೂ ಇಲ್ಲ.

ಕಲಿಸುವ ವಿಷಯ ನಾಲ್ಕು ಭಾಗಗಳಲ್ಲಿರುತ್ತದೆ: ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವುದು), ಸಂಕಟವನ್ನು ತಾಳಿಕೊಳ್ಳುವುದು, ಭಾವನೆಗಳ ನಿರ್ವಹಣೆ, ಇತರರೊಡನೆ ವ್ಯವಹರಿಸುವುದು. ಒಂದು ಸುತ್ತಿಗೆ ಸಾಮಾನ್ಯವಾಗಿ 24 ವಾರ ಹಿಡಿಯುತ್ತದೆ, ಅದನ್ನೇ ಎರಡು ಸಲ ಮಾಡಿದರೆ ಒಂದು ವರ್ಷ. ಎರಡನೇ ಸುತ್ತಿನಲ್ಲಿ ‘ಇದನ್ನು ಆಗಲೇ ಕಲಿತಿದ್ದೇವೆ’ ಎಂದು ಗೊಣಗುವವರೇ, ಮೊದಲ ಸುತ್ತಿನಲ್ಲಿ ಇದು ಕಿವಿಗೇ ಬಿದ್ದಿರಲಿಲ್ಲ ಎಂದೂ ಹೇಳುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಒಂದು ಕೌಶಲವನ್ನು ಉದಾಹರಣೆಗೆ ಹೇಳುತ್ತೇನೆ. ಭಾವನೆ ಮೇರೆ ಮೀರಿದಾಗ ಬಟ್ಟಲಿನಲ್ಲಿ ತಣ್ಣೀರು ತುಂಬಿ, ಬಾಗಿ, ಉಸಿರು ಹಿಡಿದು, ಕಣ್ಣು ಮತ್ತು ಕೆನ್ನೆಯ ಮೇಲ್ಭಾಗ ಮುಳುಗುವಂತೆ ಅರ್ಧ ನಿಮಿಷದವರೆಗೆ ಮುಖವಿಟ್ಟರೆ, ನೀರಿನಲ್ಲಿ ಮುಳುಗಿದಾಗ ದೇಹ ತಾನಾಗಿ ಮಾಡುವಂತೆಯೇ ಎದೆಬಡಿತವನ್ನು ನಿಧಾನಗೊಳಿಸುತ್ತದೆ. ಸಮಸ್ಯೆ ಬಗೆಹರಿಯುವುದಿಲ್ಲ, ಆದರೆ ಯೋಚಿಸಲು ಕೆಲವು ನಿಮಿಷ ಸಿಗುತ್ತವೆ. ಹೃದಯದ ತೊಂದರೆ ಅಥವಾ ಆಹಾರ ಸೇವನೆಯ ಕಾಯಿಲೆ ಇರುವವರು, ಎದೆಬಡಿತ ತಗ್ಗಿಸುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮಾಡಕೂಡದು. ಯಾವ ಕೌಶಲವನ್ನಾದರೂ ಮನಸ್ಸು ಶಾಂತವಾಗಿರುವಾಗಲೇ ರೂಢಿ ಮಾಡಿಕೊಳ್ಳಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪ್ರಯತ್ನವೇ ನಮ್ಮ ಗುಂಪುಗಳಲ್ಲಿ ಹೆಚ್ಚು ಕಾಣುವುದು.

ಎರಡು ಸೆಷನ್‌ಗಳ ನಡುವೆ ಥೆರಪಿಸ್ಟ್‌ಗೆ ಫೋನ್ ಮಾಡುವ ವ್ಯವಸ್ಥೆಯೂ ಇರುತ್ತದೆ. ಆದರೆ ಅದು ಐದು ಹತ್ತು ನಿಮಿಷದಲ್ಲಿ ‘ಈಗ ಯಾವ ಕೌಶಲ ಬಳಸಲಿ?’ ಎಂದು ಕೇಳುವುದಕ್ಕೆ, ಮತ್ತು ನೋಯಿಸಿಕೊಳ್ಳುವುದಕ್ಕೆ ಮುಂಚೆ ಮಾಡಬೇಕಾದ ಕರೆ. ನೋಯಿಸಿಕೊಂಡ ಬಳಿಕ, ಜೀವಕ್ಕೆ ಅಪಾಯವಿಲ್ಲದಿದ್ದರೆ, 24 ಗಂಟೆ ಆ ಕರೆಗಳಿಗೆ ಅವಕಾಶವಿರುವುದಿಲ್ಲ. ಕ್ರೂರವೆನಿಸುವ ಈ ನಿಯಮದ ಉದ್ದೇಶ, ಗಾಯವಾದಾಗ ಮಾತ್ರ ಆರೈಕೆ ಸಿಗುತ್ತದೆಂಬ ಪಾಠವನ್ನು ಅರಿವಿಲ್ಲದೆ ಕಲಿಸದಿರುವುದು. ನಿಮ್ಮ ಥೆರಪಿಸ್ಟ್ ಯಾವ ಹೊತ್ತಿನವರೆಗೆ ಕರೆ ತೆಗೆದುಕೊಳ್ಳುತ್ತಾರೆ, ತೆಗೆಯದಿದ್ದಾಗ ಏನು ಮಾಡಬೇಕು, ಅವರು ಪ್ರತಿ ವಾರ ತಮ್ಮ ಸಹೋದ್ಯೋಗಿಗಳ ತಂಡದೊಡನೆ ಸಮಾಲೋಚಿಸುತ್ತಾರೆಯೇ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ. ಆ ತಂಡವಿಲ್ಲದೆ, ಗುಂಪೂ ಇಲ್ಲದೆ, ಬರೀ ಕೆಲವು ಹಾಳೆಗಳನ್ನು ಕೊಟ್ಟು ಡಿಬಿಟಿ ಎಂದು ಕರೆಯುವವರೂ ಇದ್ದಾರೆ. ಅದರಿಂದ ಪ್ರಯೋಜನವೇ ಇಲ್ಲವೆನ್ನಲಾರೆ, ಆದರೆ ಪೂರ್ಣ ಸ್ವರೂಪದ ಚಿಕಿತ್ಸೆ ಅದಲ್ಲ. ಅಲ್ಲಿಯವರೆಗಿನ ಈ ಒಂದು ವಾರದಲ್ಲಿ ಜೀವಕ್ಕೆ ಅಪಾಯವೆನಿಸಿದರೆ ಭೇಟಿಯ ದಿನಕ್ಕಾಗಿ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ತಿಳಿನೀರು ಮತ್ತೆ ಬರೆದದ್ದು:

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಒಪ್ಪಿಕೊಳ್ಳುವುದೆಂದರೆ ಕ್ಷಮಿಸುವುದಲ್ಲ ಎಂಬ ಮಾತನ್ನು ಎರಡು ಸಲ ಓದಿದೆ. ನನ್ನ ಉಳಿದ ಭಯ ಇಷ್ಟೇ: ನಾನು ಯಾವುದನ್ನೂ ಕೊನೆಮುಟ್ಟಿಸಿದವಳಲ್ಲ. ಸತತ ನಾಲ್ಕು ವಾರ ತಪ್ಪಿಸಿದರೆ ಹೊರಗೆ ಹಾಕುತ್ತಾರಂತೆ, ಹೌದೇ?

ಎರಡನೇ ಸಲ ಸೇರಿದವಳು ಬರೆದ ಉತ್ತರ:

ಹೌದು, ಮತ್ತು ನಾನು ಹಾಗೆ ಹೊರಬಿದ್ದವಳು. ವೈಯಕ್ತಿಕ ಸೆಷನ್ ಆಗಲಿ ಗುಂಪಾಗಲಿ, ಯಾವುದಾದರೊಂದನ್ನು ಸತತ ನಾಲ್ಕು ವಾರ ತಪ್ಪಿಸಿದರೆ ಒಪ್ಪಂದ ಮುಗಿದಂತೆ. ಕಾರಣ ಏನಿತ್ತೆಂದು ಅಲ್ಲಿ ವಾದವಿಲ್ಲ.

ನಾನು ಬಿಟ್ಟದ್ದು ಸೋಮಾರಿತನದಿಂದಲ್ಲ. ಏಳನೇ ವಾರ ಥೆರಪಿಸ್ಟ್ ನನ್ನ ಮಾತಿನ ನಡುವೆ ಗಡಿಯಾರ ನೋಡಿದರು, ನನಗೆ ಎದೆ ಧಸಕ್ಕೆಂದಿತು, ಏನೂ ಹೇಳದೆ ಎದ್ದು ಬಂದೆ, ಮತ್ತೆ ಹೋಗಲಿಲ್ಲ. ಡಿಬಿಟಿಯಲ್ಲಿ ಜೀವಕ್ಕೆ ಅಪಾಯ ತರುವ ನಡವಳಿಕೆಯ ನಂತರದ ಎರಡನೇ ಆದ್ಯತೆಯೇ ಚಿಕಿತ್ಸೆಗೆ ಅಡ್ಡಿಯಾಗುವ ನಡವಳಿಕೆಗಳದ್ದು, ಮತ್ತು ಥೆರಪಿಸ್ಟ್‌ನ ಅಂಥ ನಡವಳಿಕೆಯೂ ಆ ಪಟ್ಟಿಯಲ್ಲಿ ಸೇರುತ್ತದೆ ಎಂಬುದು ನನಗಾಗ ಗೊತ್ತಿರಲಿಲ್ಲ. ಗಡಿಯಾರ ನೋಡಿದ್ದನ್ನು ಹೇಳಿದ್ದರೆ ಮುಂದಿನ ಸೆಷನ್ನಿನ ಮೊದಲ ವಿಷಯವೇ ಅದಾಗುತ್ತಿತ್ತು.

ಒಪ್ಪಂದದ ಅವಧಿ ಕಳೆದ ಮೇಲೆ ಮತ್ತೆ ಸೇರಲು ಕೇಳಬಹುದು. ಕೇಳಿದೆ. ಅದೇ ಥೆರಪಿಸ್ಟ್, ಅದೇ ಕೋಣೆ. ನಾನು ಗಡಿಯಾರದ ವಿಷಯ ಎತ್ತಿದಾಗ ಅವರು ಸಮರ್ಥನೆ ಕೊಡಲಿಲ್ಲ, ‘ಹೌದು, ನೋಡಿದೆ, ಆ ದಿನ ನನ್ನ ಗಮನ ನಿಮ್ಮ ಮೇಲೆ ಇರಲಿಲ್ಲ’ ಎಂದರು. ಆಮೇಲೆ ಆ ಏಳನೇ ವಾರದ ಸರಪಳಿಯನ್ನೇ ಬಿಡಿಸಿದೆವು. ಕೊನೆಯ ಕೊಂಡಿ ನಾನು ಬಾಗಿಲು ಹಾಕಿಕೊಂಡು ಬಂದದ್ದು. ಅದರ ಹಿಂದಿನ ಕೊಂಡಿಯ ಮುಂದೆ ‘ಇಲ್ಲಿ ಬಾಯಿ ಬಿಡಬಹುದಿತ್ತು’ ಎಂದು ನನ್ನ ಕೈಯಲ್ಲೇ ಬರೆಸಿದರು. ಎರಡನೇ ಸಲ ನಾನು ತಪ್ಪಿಸಿದ್ದು ಒಟ್ಟು ಮೂರು ವಾರ, ಅದೂ ಬೇರೆ ಬೇರೆ ತಿಂಗಳುಗಳಲ್ಲಿ.